ಹಾಳೆ ತಟ್ಟೆಯ ಪ್ಯಾಲೆಟ್‌ಗೆ ಯಾವ ಪಟ್ಟಿ ಕಟ್ಟಬೇಕು?

ಪ್ರಶ್ನೆ (ಬದಿಯಡ್ಕದಿಂದ): ಅಣ್ಣಾ, ನಮ್ಮದು ಅಡಿಕೆ ಹಾಳೆ ತಟ್ಟೆಯ ಸಣ್ಣ ಘಟಕ. ರಟ್ಟಿನ ಪೆಟ್ಟಿಗೆಗಳನ್ನು ಮರದ ಪ್ಯಾಲೆಟ್ (ಸರಕು ಇಡುವ ಹಲಗೆ ಮಣೆ) ಮೇಲೆ ಪೇರಿಸಿ, ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಪಣಂಬೂರು ಬಂದರಿಗೆ ಕಳಿಸುತ್ತೇವೆ. ಒಂದು ಪ್ಯಾಲೆಟ್ ಸುಮಾರು 300 ಕೆಜಿ. ಕಟ್ಟುವಾಗ ಬಿಗಿಯಾಗಿಯೇ ಇರುತ್ತದೆ. ಹೋದ ಸಲ ಆಚೆ ಕಡೆ ಕಂಟೈನರ್ ತೆರೆದಾಗ ಪಟ್ಟಿಗಳೆಲ್ಲ ಜೋತು ಬಿದ್ದು, ಮೇಲಿನ ಸಾಲು ವಾಲಿತ್ತಂತೆ. ಇನ್ನು ಕಬ್ಬಿಣದ ಪಟ್ಟಿ ಕಟ್ಟುವುದಾ?

ಉತ್ತರ: ಕಬ್ಬಿಣ ಬೇಡ ಅಕ್ಕ. ನಿಮ್ಮ ಪಟ್ಟಿ ತುಂಡಾಗಿಲ್ಲ, ಸಡಿಲ ಆಗಿದೆ. ಅದು ಬೇರೆ ಕಾಯಿಲೆ, ಮದ್ದೂ ಬೇರೆ.

ಬಿಳಿ ಪಟ್ಟಿ ಬಹುಶಃ ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಎಳೆದು ಕಟ್ಟಿದ ಮೇಲೆ ಅದು ಸುಮ್ನೆ ಇರುವುದಿಲ್ಲ. ನಿಧಾನಕ್ಕೆ ಉದ್ದ ಆಗುತ್ತಾ, ಕೊಟ್ಟ ಬಿಗಿಯ ದೊಡ್ಡ ಪಾಲನ್ನು ಬಿಟ್ಟುಕೊಡುತ್ತದೆ. ಬಿಸಿಲಿಗೆ ನಿಂತ ಕಂಟೈನರ್ ಒಳಗಿನ ಶಾಖಕ್ಕೆ ಇನ್ನೂ ಬೇಗ. ಇತ್ತ ಪೆಟ್ಟಿಗೆಗಳೂ ಲಾರಿಯ ಕುಲುಕಾಟಕ್ಕೆ ಸ್ವಲ್ಪ ಕುಸಿಯುತ್ತವೆ. ಎರಡೂ ಸೇರಿದರೆ ಪಟ್ಟಿ ಜೋತು ಬೀಳದೆ ಎಂತ ಮಾಡೀತು?

ನಿಮಗೆ ಬೇಕಾದದ್ದು ಪೆಟ್, ಅಂದರೆ ಪಾಲಿಯೆಸ್ಟರ್ ಪಟ್ಟಿ. ಅದೂ ಹಿಗ್ಗುತ್ತದೆ, ಆದರೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸರಕು ಕುಸಿದರೆ ಜೊತೆಗೇ ಬಿಗಿಯುತ್ತದೆ. ಕಬ್ಬಿಣಕ್ಕೆ ಈ ಗುಣ ಇಲ್ಲವೇ ಇಲ್ಲ ಅನ್ನಬಹುದು. ಸರಕು ಒಂದು ಬೆರಳು ತಗ್ಗಿದರೂ ಅದು ಸಡಿಲ. ಅದಕ್ಕೆ ಮೊದಲೇ ರಟ್ಟಿನ ಅಂಚನ್ನು ಕೊಯ್ದಿರುತ್ತದೆ. ಸಮುದ್ರದ ಗಾಳಿಗೆ ತುಕ್ಕು ಬೇರೆ. ಯಾವುದು ಜಾಸ್ತಿ ಗಟ್ಟಿ ಅಂತ ಮೊದಲು ಕೇಳಬೇಡಿ. ದಾರಿಯಲ್ಲಿ ನಿಮ್ಮ ಸರಕು ಕುಸಿಯುತ್ತದಾ, ಒಣಗುತ್ತದಾ, ಇದ್ದ ಹಾಗೆ ಇರುತ್ತದಾ ಅಂತ ನೋಡಿ.

ಪ್ರಶ್ನೆ: ಅಂಗಡಿಯವರು ಹಸಿರು ಪಟ್ಟಿ ತೋರಿಸಿ ಇದೇ ಪೆಟ್ ಅಂತಾರೆ. ನಂಬುವುದು ಹೇಗೆ?

ಉತ್ತರ: ಪೆಟ್ ಹೆಚ್ಚಾಗಿ ಹಸಿರು ಬಣ್ಣದಲ್ಲೇ ಬರುತ್ತದೆ, ಆದರೆ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಒಂದು ತುಂಡು ಕತ್ತರಿಸಿ ಲೋಟದ ನೀರಿಗೆ ಹಾಕಿ, ಬೆರಳಿಂದ ಪೂರ್ತಿ ಮುಳುಗಿಸಿ, ಅಂಟಿದ ಗುಳ್ಳೆಗಳನ್ನು ಒರೆಸಿ ಬಿಡಿ. ಪಿಪಿ ನೀರಿಗಿಂತ ಹಗುರ, ಮೇಲೆ ಬರುತ್ತದೆ. ಪೆಟ್ ತಳಕ್ಕೆ ಹೋಗಿ ಕೂರುತ್ತದೆ. ಇದಕ್ಕೆ ಯಾರ ಸರ್ಟಿಫಿಕೇಟೂ ಬೇಡ.

ನಿಮ್ಮ ತೂಕಕ್ಕೆ 15 ಅಥವಾ 16 ಮಿಮೀ ಅಗಲದ್ದು ಧಾರಾಳ ಸಾಕು. ಆದರೆ ಜೋಡಣೆ ನೋಡಿಕೊಳ್ಳಿ, ಪಟ್ಟಿ ಸೋಲುವುದು ಹೆಚ್ಚಾಗಿ ಅಲ್ಲೇ. ಪೆಟ್ ಜಾರುವ ಜಾತಿ. ನುಣುಪು ಕ್ಲಿಪ್ ಹಾಕಿದರೆ ನಿಲ್ಲುವುದಿಲ್ಲ, ಒಳಗೆ ಹಲ್ಲಿರುವ ಕ್ಲಿಪ್ಪೇ ಬೇಕು. ದಿನಾ ತುಂಬಾ ಪ್ಯಾಲೆಟ್ ಕಟ್ಟುವುದಾದರೆ ಬ್ಯಾಟರಿ ಮೆಷಿನ್ ತೆಗೆದುಕೊಳ್ಳಿ. ಅದು ಪಟ್ಟಿಯನ್ನು ಪಟ್ಟಿಗೇ ಉಜ್ಜಿ, ಆ ಬಿಸಿಗೆ ಬೆಸೆಯುತ್ತದೆ. ಕ್ಲಿಪ್ ಖರ್ಚೇ ಇಲ್ಲ.

ನಾಲ್ಕು ಮೂಲೆಗೂ ರಟ್ಟಿನ ಕೋನಪಟ್ಟಿ ಇಡಿ. ಆಟಿ ತಿಂಗಳ ಮಳೆಯಲ್ಲಿ ಪೆಟ್ಟಿಗೆ ತಂಪು ಹಿಡಿದು ಮೆತ್ತಗಾಗಿರುತ್ತದೆ, ಆಗ ಯಾವ ಪಟ್ಟಿಯಾದರೂ ಕಚ್ಚುತ್ತದೆ. ಪಟ್ಟಿಯನ್ನು ಪ್ಯಾಲೆಟ್‌ನ ಮೇಲಿನ ಹಲಗೆಯ ಅಡಿಯಿಂದ ತನ್ನಿ, ಫೋರ್ಕ್‌ಲಿಫ್ಟ್ ಕೊಂಬು ನುಗ್ಗುವ ಜಾಗ ತಪ್ಪಿಸಿ. ಮತ್ತೆ, ಹೊರದೇಶಕ್ಕೆ ಹೋಗುವ ಮರದ ಪ್ಯಾಲೆಟ್‌ಗೆ ಐಎಸ್‌ಪಿಎಂ 15, ಅಂದರೆ ಮರದ ಜೊತೆ ಹುಳ ದಾಟದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮದ ಮುದ್ರೆ ಇದೆಯಾ ನೋಡಿ. ಶಾಖ ಕೊಟ್ಟದ್ದಾದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು ಅಂತ ನಿಯಮ. ಮುದ್ರೆ ಇಲ್ಲದ್ದನ್ನು ಆಚೆ ಬಂದರಿನಲ್ಲಿ ತಡೆಯಬಹುದು.

ಪ್ರಶ್ನೆ (ಮುಳ್ಳೇರಿಯದಿಂದ): ನಮ್ಮದು ಮರದ ಮಿಲ್ಲು. ಹಸಿ ಹಲಗೆಯ ಕಟ್ಟುಗಳಿಗೆ ಮೊದಲಿಂದಲೂ ಕಬ್ಬಿಣದ ಪಟ್ಟಿಯೇ. ಅದನ್ನೂ ಬದಲಿಸಬೇಕಾ ಸಾರ್?

ಉತ್ತರ: ಬದಲಿಸುವುದೇ ಒಳ್ಳೆಯದು. ಹಸಿ ಹಲಗೆ ಒಣಗುತ್ತಾ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಒಗರು ಜಾಸ್ತಿ ಇರುವ ಹಸಿ ಮರಕ್ಕೆ ಕಬ್ಬಿಣ ತಾಗಿದಲ್ಲಿ ಕಪ್ಪು ಕಲೆಯೂ ಬರುತ್ತದೆ. 19 ಮಿಮೀ ಪೆಟ್ ಹಾಕಿ ನೋಡಿ.

ಪ್ರಶ್ನೆ (ಉಪ್ಪಳದಿಂದ): ಹಾಗಾದರೆ ಕಬ್ಬಿಣದ ಪಟ್ಟಿ ಯಾರಿಗೆ?

ಉತ್ತರ: ಸರಳು, ಪೈಪು, ಹರಿತ ಅಂಚಿನ ಲೋಹದ ಸಾಮಾನು, ಬಿಸಿ ಆರದ ಸರಕು. ಇವು ಕುಸಿಯುವುದಿಲ್ಲ, ಪ್ಲಾಸ್ಟಿಕ್ಕನ್ನು ಕೊಯ್ದು ಬಿಡುತ್ತವೆ. ಅಲ್ಲಿ ಕಬ್ಬಿಣವೇ ಸರಿ.

ಬಿಚ್ಚುವಾಗ ಮಾತ್ರ ದಯವಿಟ್ಟು ಜಾಗ್ರತೆ. ಕತ್ತರಿಸಿದ ಕೂಡಲೇ ತುದಿ ಮುಖದ ಕಡೆ ಚಿಮ್ಮುತ್ತದೆ. ಕನ್ನಡಕ, ದಪ್ಪ ಕೈಗವಸು ಹಾಕಿ, ಪಟ್ಟಿಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತು, ಸರಿಯಾದ ಕಟರ್‌ನಲ್ಲೇ ಕತ್ತರಿಸಿ. ಸುತ್ತಿಗೆಯ ಹಿಂಬದಿ ಹಾಕಿ ಮೀಟುವವರನ್ನು ಕಂಡರೆ ಅಲ್ಲೇ ನಿಲ್ಲಿಸಿ. ಪಟ್ಟಿಗೆ ಕೊಕ್ಕೆ ಹಾಕಿ ಕಟ್ಟನ್ನು ಎತ್ತುವುದಂತೂ ಬೇಡವೇ ಬೇಡ, ಅದು ಯಾವ ಪಟ್ಟಿಯೇ ಇರಲಿ.