ಒದ್ದೆ ಬಟ್ಟೆಯಲ್ಲಿ ನಿಲ್ಲಬೇಡ ಪುಟ್ಟಿ

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಕನ್ನಡಕ ಹುಡುಕಿಕೊಂಡು ಟೈಪ್ ಮಾಡುತ್ತಾ ಕೂರೋದಕ್ಕಿಂತ ಮಾತಾಡಿಬಿಡೋಣ ಅಂತ ಈ ವಾಯ್ಸ್ ಮೆಸೇಜ್ ಬಟನ್ ಒತ್ತಿದ್ದೇನೆ. ಉದ್ದ ಆಗಬಹುದು. ಪುರುಸೊತ್ತು ಇಲ್ಲದವರು ಬಿಡಲಿ, ನೀನು ಮಾತ್ರ ಪೂರ್ತಿ ಕೇಳು. ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುವವರು ಯಾರು ಅಂತ ನನಗೆ ಗೊತ್ತು. ಅವರು ಕೊಡುವ ಉತ್ತರಕ್ಕೂ ನಾನು ಹೇಳಿದ ಮಾತಿಗೂ ಯಾವತ್ತೂ ಸಂಬಂಧ ಇರುವುದಿಲ್ಲ.

ಇಷ್ಟು ತಿಂಗಳು ತಪ್ಪದೆ ಓಡಿದ್ದೀಯ. ಈಗ ಚಳಿ ಬಿದ್ದ ಮೇಲೆ ಬೆಳಿಗ್ಗೆ ಓಡಿದರೆ ಎದೆ, ಗಂಟಲು ಉರಿದ ಹಾಗೆ ಆಗುತ್ತದೆ, ಶ್ವಾಸಕೋಶಕ್ಕೆ ಏನಾದರೂ ಆಗುತ್ತಾ, ಚಳಿ ಹೋಗುವವರೆಗೆ ನಿಲ್ಲಿಸಿಬಿಡಲಾ ಅಂತ ಕೇಳಿದ್ದೀಯ. ಅದರ ಕೆಳಗೆ ನಿಮ್ಮಮ್ಮ ಅಳುವ ಮುಖಗಳನ್ನು ಸಾಲಾಗಿ ಹಾಕಿದ್ದಾಳೆ. ಅವಳು ಚಿಕ್ಕಂದಿನಿಂದಲೂ ಹಾಗೇ. ಯಾರಾದರೂ ಕೆಮ್ಮಿದರೆ ಸಾಕು, ಇವಳಿಗೆ ನಿದ್ದೆ ಇಲ್ಲ.

ಎದೆ ಉರಿಗೆ ಆಮೇಲೆ ಬರುತ್ತೇನೆ. ಮೊದಲು ಇದನ್ನು ಹೇಳು, ಓಡೋಕೆ ಹೋಗುವಾಗ ಏನು ಹಾಕಿಕೊಳ್ಳುತ್ತೀಯ? ಹೋದ ಸಲ ನಾನು ಬಂದಾಗ ನೋಡಿದ್ದೇನಲ್ಲ. ನಿಮ್ಮಪ್ಪನ ಹಳೇ ಕಾಟನ್ ಟೀ ಶರ್ಟು, ಅದರ ಮೇಲೆ ಇನ್ನೊಂದು ದಪ್ಪ ಕಾಟನ್ನು. ಓಡಿ ಬಂದವಳು ಒಳಗೆ ಬರದೆ ಗೇಟಿಗೆ ಒರಗಿಕೊಂಡು ಫೋನ್ ನೋಡುತ್ತಾ ನಿಂತಿದ್ದೆ. ಬೆನ್ನೆಲ್ಲ ಒದ್ದೆ. ಆಗಲೇ ಹೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ಯಾರೋ ಕರೆದರು.

ನಿಮ್ಮ ಸಣ್ಣ ಮಾವನ ಕತೆ ಗೊತ್ತಲ್ಲ ನಿನಗೆ? ಅವನು ಹೇಳುವ ಕತೆ ಅಲ್ಲ, ನಿಜವಾಗಿ ನಡೆದದ್ದು. ಅವನೂ ಇದೇ ಗ್ರೂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ.

ಆಗ ನಾವಿಬ್ಬರೂ ಒಟ್ಟಿಗೆ ಓಡುತ್ತಿದ್ದೆವು. ನಾನು ಮೊದಲೇ ಶುರು ಮಾಡಿದ್ದೆ, ಅವನು ಮದುವೆಗೆ ಮುಂಚೆ ಹೊಟ್ಟೆ ಕರಗಿಸಬೇಕು ಅಂತ ಸೇರಿಕೊಂಡ. ಇದೇ ಥರ ಚಳಿಗಾಲ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಮಂಜು ಬೇರೆ. ಊರಾಚೆಯ ಬಯಲು ರಸ್ತೆ, ಮನೆ ಮರ ಏನೂ ಇಲ್ಲ. ಹೋಗುವಾಗ ಗಾಳಿ ಬೆನ್ನಿಗಿತ್ತು, ಹಾಗಾಗಿ ಚಳಿಯೇ ಗೊತ್ತಾಗಲಿಲ್ಲ. ಅವನು ಒಳಗೊಂದು ಬನಿಯನ್ನು, ಮೇಲೊಂದು ಕಾಟನ್ ಶರ್ಟು, ಅದರ ಮೇಲೆ ಇನ್ನೊಂದು ಹಾಕಿಕೊಂಡಿದ್ದ. ಎಲ್ಲ ನೆನೆದು ಮೈಗೆ ಅಂಟಿಕೊಂಡಿತ್ತು. ನಾನು ತೆಳ್ಳಗಿನ ಪಾಲಿಯೆಸ್ಟರ್ ಟೀ ಶರ್ಟು ಹಾಕಿ, ವಿಂಡ್‌ಚೀಟರ್ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಆ ವಿಂಡ್‌ಚೀಟರ್ ನೆನಪಿಟ್ಟುಕೋ.

ತಿರುಗಿ ವಾಪಸು ಹೊರಟೆವು. ಈಗ ಗಾಳಿ ಎದುರಿಗೆ. ಸ್ವಲ್ಪ ದೂರ ಬಂದಿರಬೇಕು, ಮಂಜಲ್ಲಿ ಗುಂಡಿ ಕಾಣದೆ ಅವನು ಕಾಲು ಹಾಕಿದ. ಪಾದ ಉಳುಕಿತು. ಹೆಜ್ಜೆ ಊರೋಕೆ ಆಗಲಿಲ್ಲ. ರಸ್ತೆ ಬದಿ ಮೋರಿ ಕಟ್ಟೆಯ ಮೇಲೆ ಕೂರಿಸಿದೆ. ಮೊದಲಿಗೆ ಅವನ ಬೆನ್ನಿಂದ ಹಬೆ ಏಳುತ್ತಿತ್ತು, ಅದನ್ನು ನೋಡಿ ಇಬ್ಬರೂ ನಕ್ಕೆವು. ಆಮೇಲೆ ಹಬೆ ನಿಂತಿತು. ಭುಜದ ಮೇಲೆ ಕೈಯಿಟ್ಟರೆ ಶರ್ಟು ತಣ್ಣಗೆ ಕೊರೆಯುತ್ತಿತ್ತು.

ಅದರಲ್ಲಿ ಆಶ್ಚರ್ಯ ಏನಿಲ್ಲ. ಓಡುವಾಗ ಮೈ ಸುಡುವ ಶಕ್ತಿಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಬಿಸಿಯಾಗಿಯೇ ಹೊರಗೆ ಹೋಗುತ್ತದೆ. ಅದಕ್ಕೇ ಚಳಿಯಲ್ಲೂ ಬೆವರುತ್ತೇವೆ. ನಿಂತ ತಕ್ಷಣ ಆ ಒಲೆ ಆರಿಹೋಗುತ್ತದೆ, ಆದರೆ ಒದ್ದೆ ಬಟ್ಟೆ ಹಾಗೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಬಿಸಿ ಎಳೆದುಕೊಳ್ಳುತ್ತದೆ. ಮೇಲೆ ಗಾಳಿ ಬೀಸಿದರೆ ಮುಗಿಯಿತು. ಹಿಮ ಬೀಳುವಷ್ಟು ಚಳಿ ಬೇಕಾಗಿಲ್ಲ ಪುಟ್ಟಿ, ಒದ್ದೆ ಮೈ, ಗಾಳಿ, ಸುಮ್ನೆ ಕೂತಿರೋದು, ಈ ಮೂರು ಸೇರಿದರೆ ಸಾಕು.

ನಡುಗೋಕೆ ಶುರು ಮಾಡಿದ. ಹಲ್ಲು ಕಟಕಟ. ಇರಲಿ, ನಡುಗಿದರೆ ಮೈ ಬಿಸಿಯಾಗುತ್ತದೆ ಅಂತ ನಾನೇ ಸಮಾಧಾನ ಹೇಳಿದೆ. ಆಮೇಲೆ ಶೂ ಲೇಸ್ ಬಿಚ್ಚು, ಪಾದ ಊದಿದೆಯಾ ನೋಡೋಣ ಅಂದೆ. ಬಿಚ್ಚೋಕೆ ಹೋದ, ಬೆರಳು ಬಾಗಲಿಲ್ಲ. ಲೇಸಿನ ತುದಿ ಹಿಡಿಯೋದು, ಜಾರೋದು, ಮತ್ತೆ ಹಿಡಿಯೋದು. ತಾನು ಏನು ಮಾಡುತ್ತಿದ್ದೇನೆ ಅಂತ ಮರೆತವನ ಹಾಗೆ ಅದನ್ನೇ ನೋಡುತ್ತಾ ಕೂತ. ಮಾತು ತೊದಲಿತು. ನನಗೇನೂ ಆಗಿಲ್ಲ ಅಕ್ಕಾ, ಸ್ವಲ್ಪ ಹೊತ್ತು ಮಲಗ್ತೀನಿ ಅಂದ. ಆಗ ನನಗೆ ಎದೆ ಧಸಕ್ ಅಂದಿತು.

ಅದಕ್ಕೇ ಹೇಳೋದು, ಬೆವತ ಮೇಲೆ ಒದ್ದೆ ಬಟ್ಟೆಯಲ್ಲಿ ನಿಲ್ಲಬೇಡ. ಓಡಿದರೆ ಓಡು, ಇಲ್ಲ ಒಳಗೆ ಬಂದು ಬಟ್ಟೆ ಬದಲಿಸು. ಮಧ್ಯದಲ್ಲಿ ನಿಲ್ಲೋದು ಬೇಡ.

ಏನು ಮಾಡಿದೆ ಅಂತ ಕೇಳು. ಅವನ ಮೂರೂ ಬಟ್ಟೆ ಕಿತ್ತು ತೆಗೆದೆ. ಬೇಡ ಬೇಡ ಅಂತ ಒದ್ದಾಡಿದ, ಕೇಳಲಿಲ್ಲ. ನನ್ನ ವಿಂಡ್‌ಚೀಟರ್ ಹಾಕಿ, ಕತ್ತಿನವರೆಗೆ ಜಿಪ್ ಎಳೆದು, ನನ್ನ ಉಣ್ಣೆ ಟೋಪಿ ಅವನ ತಲೆಗೆ ಹಾಕಿದೆ. ಗಾಳಿ ಬರುವ ಕಡೆಗೆ ನಾನು ಬೆನ್ನು ಕೊಟ್ಟು, ಅವನನ್ನು ತಬ್ಬಿಕೊಂಡು ಕೂತೆ. ಪುಣ್ಯಕ್ಕೆ ಒಂದು ವ್ಯಾನು ಬಂತು. ಅದರಲ್ಲಿದ್ದವರು ಒಳ್ಳೆಯವರು, ಹತ್ತಿಸಿಕೊಂಡು ಹೀಟರ್ ಹಾಕಿದರು. ಒಬ್ಬರು ಕೈಕಾಲು ಗಸಗಸ ಉಜ್ಜೋಕೆ ಬಂದರು, ಬೇಡ ಅಂದೆ. ಹಾಗೆ ಉಜ್ಜಬಾರದು ಪುಟ್ಟಿ, ತಣ್ಣಗಾದ ಚರ್ಮಕ್ಕೆ ಪೆಟ್ಟಾಗುತ್ತದೆ. ಬಿಸಿನೀರಿಗೆ ಇಳಿಸೋದೂ ಬೇಡ. ಮೊದಲು ಎದೆ, ಹೊಟ್ಟೆ, ಕತ್ತು ಬೆಚ್ಚಗಾಗಬೇಕು. ಎಚ್ಚರವಾಗಿದ್ದು ನುಂಗೋಕೆ ಆದರೆ ಬೆಚ್ಚಗಿನ ಸಿಹಿ ಏನಾದರೂ ಕೊಡಬಹುದು, ಮದ್ಯ ಖಂಡಿತ ಬೇಡ.

ಆಮೇಲೆ ಡಾಕ್ಟರೇ ಬಿಡಿಸಿ ಹೇಳಿದರು. ಮೈ ಒಳಗಿನ ಬಿಸಿ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತದೆ. ಅದು 35ಕ್ಕಿಂತ ಕೆಳಗೆ ಇಳಿದರೆ ಹೈಪೋಥರ್ಮಿಯಾ. ಕೈ ತಡವರಿಸೋದು, ಮಾತು ತೊದಲೋದು, ಏನೂ ಆಗಿಲ್ಲ ಅಂತ ಹಟ ಹಿಡಿಯೋದು, ಎಲ್ಲ ಅದರದ್ದೇ ಲಕ್ಷಣ. ಆದವರಿಗೆ ಗೊತ್ತೇ ಆಗುವುದಿಲ್ಲ, ಪಕ್ಕದಲ್ಲಿ ಇದ್ದವರು ನೋಡಬೇಕು.

ಈಗ ಹೇಳಿ, ಪಕ್ಕದಲ್ಲಿ ಇದ್ದವರು ಯಾರು?

ಮನೆಗೆ ಬಂದಾಗ ಅಮ್ಮ ಏನಂದಳು ಗೊತ್ತಾ? ನೀನು ಓಡೋದಲ್ಲದೆ ಆ ಹುಡುಗನನ್ನೂ ಸಾಯಿಸೋಕೆ ಕರೆದುಕೊಂಡು ಹೋಗಿದ್ದೆ ಅಂತ. ಆ ಹುಡುಗನಿಗೆ ಆಗಲೇ ತಲೆ ಕೂದಲು ಉದುರುತ್ತಿತ್ತು. ಎಲ್ಲರೂ ಅವನ ಸುತ್ತ. ಅವನಿಗೆ ಕಂಬಳಿ, ಅವನಿಗೆ ಹೀಟರು, ಅವನ ಕಾಲ ಕೆಳಗೆ ದಿಂಬು. ವ್ಯಾನು ಬರುವವರೆಗೆ ಬರೀ ಟೀ ಶರ್ಟಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತವಳಿಗೆ ಒಂದು ಟವೆಲ್ ಕೊಟ್ಟವರಿಲ್ಲ. ನಿಮ್ಮಮ್ಮನೂ ಅಲ್ಲೇ ಇದ್ದಳು, ಕೇಳು ಬೇಕಾದರೆ.

ಇನ್ನು ನಿಮ್ಮ ಸಣ್ಣ ಮಾವ ಹೇಳುವ ಕತೆಯಲ್ಲಿ ಅವನು ಉಳುಕಿದ ಕಾಲಲ್ಲೇ ಧೈರ್ಯವಾಗಿ ನಡೆದುಕೊಂಡು ಬಂದಿದ್ದಾನೆ. ನಾನು ಹಿಂದೆ ಅಳುತ್ತಾ ಬಂದೆನಂತೆ. ಪ್ರತಿ ಮದುವೆಯಲ್ಲೂ ಇದೇ ಕತೆ, ವರ್ಷಕ್ಕೊಂದು ಸಲ ದೂರ ಜಾಸ್ತಿಯಾಗುತ್ತದೆ. ವ್ಯಾನು ಅಂತೂ ಕತೆಯಿಂದ ಮಾಯವೇ ಆಗಿದೆ. ನಾನೂ ಸುಮ್ನೆ ನಗುತ್ತಾ ಕೂತಿದ್ದೇನೆ ಇಷ್ಟು ವರ್ಷ. ಆದರೆ ಆ ವಿಂಡ್‌ಚೀಟರ್! ಒಗೆದು ಕೊಡುತ್ತೇನೆ ಅಕ್ಕಾ ಅಂದವನು ಇವತ್ತಿನವರೆಗೆ ಕೊಟ್ಟಿಲ್ಲ. ಅವನ ಮಗಳ ಸ್ಕೂಲ್ ಪಿಕ್ನಿಕ್ ಫೋಟೋದಲ್ಲಿ ನೋಡಿದೆ, ಅವಳು ಹಾಕಿಕೊಂಡಿದ್ದಾಳೆ. ನೇರಳೆ ಬಣ್ಣ, ಎಡ ತೋಳಿನಲ್ಲಿ ನಾನೇ ಹಾಕಿದ ಹೊಲಿಗೆ. ಅದು ಮಗುವಿನ ತಪ್ಪಲ್ಲ, ಚೆನ್ನಾಗಿಯೂ ಕಾಣುತ್ತಿದೆ. ನಾನು ಕೇಳುತ್ತಿರೋದು ಬಟ್ಟೆಯನ್ನಲ್ಲ. ಇದು ಅಕ್ಕನದ್ದು ಅಂತ ಒಂದು ಮಾತು ಆ ಫೋಟೋ ಕೆಳಗೆ ಹಾಕಬಹುದಿತ್ತು, ಅಲ್ವಾ?

ಹೋಗಲಿ. ಏನು ಹೇಳುತ್ತಿದ್ದೆ? ಹಾಂ, ಒದ್ದೆ ಬಟ್ಟೆ. ಮತ್ತೆ ಹೇಳುತ್ತೇನೆ, ಒದ್ದೆ ಬಟ್ಟೆಯಲ್ಲಿ ನಿಲ್ಲಬೇಡ. ಗೇಟಿನ ಹತ್ತಿರ ಬೇಡ, ರಸ್ತೆಯಲ್ಲಿ ಯಾರೋ ಸಿಕ್ಕರು ಅಂತ ಹರಟೆಗೂ ಬೇಡ. ಒಳಗೆ ಹೋಗು, ಬದಲಿಸು, ಆಮೇಲೆ ಫೋನ್ ನೋಡು.

ಅಯ್ಯೋ, ನೀನು ಕೇಳಿದ್ದು ಎದೆ ಉರಿ. ನಿಲ್ಲಿಸಬೇಕಾ ಅಂತ. ನೋಡು, ಇಷ್ಟು ಹೊತ್ತು ಮಾತಾಡಿ ಅದನ್ನೇ ಹೇಳಲಿಲ್ಲ.

ನಿಲ್ಲಿಸಬೇಡ. ತಣ್ಣಗಿನ ಗಾಳಿಯಿಂದ ಶ್ವಾಸಕೋಶ ಹೆಪ್ಪುಗಟ್ಟುವುದಿಲ್ಲ, ನಿಮ್ಮಮ್ಮನಿಗೂ ಹೇಳು. ಮೂಗು, ಗಂಟಲು ದಾಟುವಷ್ಟರಲ್ಲಿ ಗಾಳಿ ಸಾಕಷ್ಟು ಬೆಚ್ಚಗಾಗಿರುತ್ತದೆ. ಉರಿಯೋದು ಯಾಕೆಂದರೆ ಚಳಿಯ ಗಾಳಿ ಒಣ ಗಾಳಿ. ಜೋರಾಗಿ ಬಾಯಲ್ಲಿ ಉಸಿರಾಡಿದಾಗ ಗಂಟಲು, ಶ್ವಾಸನಾಳ ಒಣಗುತ್ತದೆ. ತೆಳ್ಳಗಿನ ಬಟ್ಟೆಯೊಂದನ್ನು ಮೂಗು ಬಾಯಿಗೆ ಸಡಿಲವಾಗಿ ಕಟ್ಟಿಕೋ, ನಿನ್ನ ಉಸಿರಿನ ಬಿಸಿ, ತೇವ ಅದರಲ್ಲೇ ಉಳಿಯುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಚುರುಕಾಗಿ ನಡೆ, ಆಮೇಲೆ ಮೆಲ್ಲಗೆ ಓಡು. ತಣ್ಣಗಿರುವ ಸ್ನಾಯು ಬಿಗಿಯಾಗಿರುತ್ತದೆ, ಹೊರಗೆ ಕಾಲಿಟ್ಟ ಕೂಡಲೇ ಹಾರಬೇಡ. ಬಾಯಾರಿಕೆ ಆಗದಿದ್ದರೂ ನೀರು ಕುಡಿ. ಚಳಿಯಲ್ಲಿ ಬಾಯಾರಿಕೆ ಕಡಿಮೆ, ಆದರೆ ಬೆವರಲ್ಲಿ, ಉಸಿರಲ್ಲಿ ನೀರು ಹೋಗುತ್ತಲೇ ಇರುತ್ತದೆ.

ನಸುಕಿಗೆ ಯಾಕೆ ಹೋಗುತ್ತೀಯ? ಸೂರ್ಯ ಹುಟ್ಟುವ ಹೊತ್ತಿಗೇ ಚಳಿ ಅತಿ ಜಾಸ್ತಿ. ಗಾಳಿ ಅಲುಗದ ಮುಂಜಾನೆ ಹೊಗೆ, ದೂಳು ಮೇಲೆ ಹೋಗದೆ ನೆಲದ ಹತ್ತಿರವೇ ನಿಂತಿರುತ್ತದೆ. ಬಿಸಿಲು ಬಂದ ಮೇಲೆ ಹೋಗು. ಬೇರೆ ಹೊತ್ತು ಸಿಗದಿದ್ದರೆ ಹೊಳೆಯುವ ಪಟ್ಟಿ ಇರುವ ಬಟ್ಟೆ, ತಲೆಗೆ ಒಂದು ಲೈಟು. ಕಾಲುದಾರಿ ಇಲ್ಲದ ಕಡೆ ವಾಹನ ಎದುರಿಗೆ ಬರುವ ಬದಿಯಲ್ಲೇ ಓಡು. ಮೊದಲು ಗಾಳಿಗೆ ಎದುರಾಗಿ ಹೋಗು, ಬೆವರಿದ ಮೇಲೆ ವಾಪಸು ಬರುವಾಗ ಗಾಳಿ ಬೆನ್ನಿಗಿರಲಿ. ನಾವು ಅವತ್ತು ಉಲ್ಟಾ ಹೋಗಿದ್ದೆವು.

ಬಟ್ಟೆ ವಿಷಯದಲ್ಲಿ, ಥರ್ಮಾಮೀಟರ್ ತೋರಿಸೋದಕ್ಕಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದೆ ಅಂದುಕೊಂಡು ಹಾಕಿಕೋ. ಬಾಗಿಲಲ್ಲಿ ನಿಂತಾಗ ಸ್ವಲ್ಪ ಚಳಿ ಅನ್ನಿಸಬೇಕು. ಹಿತವಾಗಿದೆ ಅನ್ನಿಸಿದರೆ ಜಾಸ್ತಿ ಹಾಕಿದ್ದೀಯ, ಅರ್ಧ ದಾರಿಯಲ್ಲಿ ನೆನೆದು ಹೋಗುತ್ತೀಯ. ಮೈಗೆ ತಾಗುವುದು ಪಾಲಿಯೆಸ್ಟರೋ ಉಣ್ಣೆಯೋ ಆಗಿರಲಿ, ಕಾಟನ್ ಬೇಡ. ಮೇಲೆ ಗಾಳಿ ತಡೆಯುವ ಒಂದು ತೆಳ್ಳಗಿನ ಪದರ. ಕಿವಿ, ಬೆರಳು ಮುಚ್ಚಿಕೋ.

ದಿನ ತಪ್ಪಿತು ಅಂತ ಕೊರಗಬೇಡ. ವಾರಕ್ಕೆ ಎರಡೇ ದಿನ ಆದರೂ ಸರಿ, ಅದರಲ್ಲಿ ಒಂದು ದಿನ ಚುರುಕಾಗಿ ಓಡಿದರೆ ದಮ್ಮು ಬಹಳಷ್ಟು ಉಳಿಯುತ್ತದೆ. ಪೂರ್ತಿ ಬಿಟ್ಟರೆ ಕೆಲವೇ ವಾರದಲ್ಲಿ ಇಳಿಯೋಕೆ ಶುರುವಾಗುತ್ತದೆ. ಬರೀ ಮೂಗು ಸೋರುತ್ತಿದ್ದರೆ ಮೆಲ್ಲಗೆ ಓಡಬಹುದು. ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದರೆ ಹಾಸಿಗೆ ಬಿಟ್ಟು ಏಳಬೇಡ. ಹಿಮ ಬೀಳುವ ಊರಲ್ಲಿರುವ ನಮ್ಮ ಮಕ್ಕಳಿಗೂ ಒಂದು ಮಾತು, ಸೇತುವೆ ಮೇಲೆ, ನೆರಳಿರುವ ಕಡೆ ಮಂಜುಗಡ್ಡೆ ಕಣ್ಣಿಗೇ ಕಾಣುವುದಿಲ್ಲ. ಹೆಜ್ಜೆ ಚಿಕ್ಕದಾಗಿ ಇಡಿ, ಇಲ್ಲವೇ ಅವತ್ತು ಟ್ರೆಡ್‌ಮಿಲ್ ಮೇಲೆ ಓಡಿ. ಐವತ್ತು ದಾಟಿದವರು, ಬಿಪಿ ಇರುವವರು, ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ. ಪುಟ್ಟಿಯನ್ನು ನೋಡಿ ಹುರುಪಿನಿಂದ ನಾಳೆಯೇ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ.

ಪುಟ್ಟಿ, ಮುಖ್ಯವಾದದ್ದು ಇದು. ಉರಿ ಒಂದೇ ಆದರೆ ಬಟ್ಟೆ ಕಟ್ಟಿಕೊಂಡರೆ ಕಡಿಮೆಯಾಗಬೇಕು. ಆದರೆ ಓಡುವಾಗಲೋ, ಓಡಿ ಮುಗಿಸಿದ ಮೇಲೆ ಹತ್ತು ಹದಿನೈದು ನಿಮಿಷದೊಳಗೋ ಎದೆ ಬಿಗಿದು, ಸೀಟಿಯಂಥ ಸದ್ದು ಬಂದು, ಕೆಮ್ಮು ನಿಲ್ಲದೆ ಹೋದರೆ ಅದು ಬೇರೆ. ತಣ್ಣಗಿನ ಒಣ ಗಾಳಿಗೆ ಕೆಲವರ ಶ್ವಾಸನಾಳ ಕುಗ್ಗುತ್ತದೆ. ಅದಕ್ಕೆ ಔಷಧಿ ಇದೆ. ಓಡುವ ಮುಂಚೆ ಎಳೆದುಕೊಳ್ಳೋಕೆ ಡಾಕ್ಟರು ಇನ್ಹೇಲರ್ ಬರೆದುಕೊಡುತ್ತಾರೆ, ಎಷ್ಟೋ ಜನ ಅದನ್ನು ಇಟ್ಟುಕೊಂಡೇ ಆರಾಮಾಗಿ ಓಡುತ್ತಾರೆ. ಆದರೆ ಎದೆ ಒತ್ತಿದ ಹಾಗೆ ನೋವು ಬಂದರೆ, ತೋಳಿಗೋ ದವಡೆಗೋ ಹರಡಿದರಂತೂ, ಅಲ್ಲೇ ಓಟ ನಿಲ್ಲಿಸಿ ತಕ್ಷಣ ಆಸ್ಪತ್ರೆ.

ಸೀಟಿ ಸದ್ದು ಬರುತ್ತಾ ಇಲ್ವಾ, ಅದನ್ನು ಮೊದಲು ಬರೆದು ಹಾಕು. ಬರುತ್ತೆ ಅಂದರೆ ಡಾಕ್ಟರಿಗೆ ತೋರಿಸುವವರೆಗೆ ಬರೀ ನಡೆ.