ಹಳೇ ವಿಮಾನಕ್ಕೆ ಹೊಸ ಮೋಟರು: ಫಲಕಕ್ಕೆ ಪದ ಬೇಕಾಗಿದೆ

ಬೆಳಗಾವಿಯಿಂದ

ಪದಚರ್ಚೆಯ ಎಲ್ಲರಿಗೂ ನಮಸ್ಕಾರ. ಒಂದು ಸಾಲು ಬೇಕು, ಅದೂ ಇವತ್ತೇ. ಉದ್ಯಮಬಾಗದ ಪೇಂಟರ್ ಸಂಜೆಗೆ ಫಲಕ ಬರೆಯಲು ಕೂಡುತ್ತಾರೆ.

ಕಾಲೇಜಿನ ಪ್ರದರ್ಶನದಲ್ಲಿ ನಾವು ರೇಡಿಯೋ ಕಂಟ್ರೋಲಿನ ಚಿಕ್ಕ ವಿಮಾನಗಳನ್ನು ಇಡುತ್ತಿದ್ದೇವೆ. ಒಂದು ನಿಜಕ್ಕೂ ಹಳೆಯದು. ಬಾಲ್ಸಾ ಎಂಬ ಹಗುರ ಕಟ್ಟಿಗೆಯ ಹಂದರ, ಮೇಲೆ ರೇಷ್ಮೆ ಬಟ್ಟೆ, ಅದಕ್ಕೆ ಬಟ್ಟೆ ಬಿಗಿಯಾಗಲು ಡೋಪ್ ಎಂಬ ಮೆರುಗು ಬಳಿದದ್ದು. ಮೊದಲು ಅದರಲ್ಲಿ ಗ್ಲೋ ಎಂಜಿನ್ ಇತ್ತು. ಮೆಥನಾಲಿಗೆ ಔಡಲೆಣ್ಣೆ ಬೆರೆಸಿ ಓಡಿಸುವ ಎಂಜಿನ್. ಉರಿಯದೆ ಉಳಿದ ಎಣ್ಣೆ ಹೊಗೆಯ ಜೊತೆ ಹೊರಬಂದು ಮೂತಿಯ ಕಟ್ಟಿಗೆಯೊಳಗೆ ಇಳಿದಿತ್ತು. ಅದನ್ನು ತೆಗೆಯದಿದ್ದರೆ ಹೊಸ ಅಂಟು ಹಿಡಿಯುವುದಿಲ್ಲ. ಎಣ್ಣೆ ತೆಗೆದು, ಮೆತ್ತಗಾದ ಕಟ್ಟಿಗೆ ಬದಲಿಸಿ, ಬ್ರಷ್‌ಲೆಸ್ ಎಂಬ ಕರೆಂಟಿನ ಮೋಟರು, ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿದ್ದೇವೆ.

ಇನ್ನೊಂದು ಜೂನಿಯರ್ 60. ಇಂಗ್ಲೆಂಡಿನ ಕೀಲ್‌ಕ್ರಾಫ್ಟ್ ಕಂಪನಿ 1946ರಲ್ಲಿ ತಂದ ವಿನ್ಯಾಸ. ರೆಕ್ಕೆಯ ತುದಿಯಿಂದ ತುದಿಗೆ 60 ಇಂಚು. ನಮ್ಮದರಲ್ಲಿ ಕಟ್ಟಿಗೆ ಹೊಸದು, ನಕ್ಷೆ ಮಾತ್ರ ಹಳೆಯದು. ಇದಕ್ಕೂ ಮೋಟರೇ.

ಎರಡಕ್ಕೂ ಸೇರಿ ಹುಡುಗರು ಬರೆದುಕೊಟ್ಟದ್ದು: "ವಿಂಟೇಜ್ ಮಾದರಿ ವಿಮಾನಗಳ ವಿದ್ಯುತ್ ಚಾಲಿತ ಜೀರ್ಣೋದ್ಧಾರ". ನನಗೆ ಒಂದು ಪದವೂ ಸರಿ ಕೂಡಲಿಲ್ಲ. ನೀವೇ ಹೇಳಿ.

ಬಾಗಲಕೋಟೆಯಿಂದ

ಜೀರ್ಣೋದ್ಧಾರ ಬೇಡವೇ ಬೇಡ. ನಮ್ಮ ಕಡೆಯ ಶಾಸನಗಳಲ್ಲಿ "ಖಂಡಸ್ಫುಟಿತ ಜೀರ್ಣೋದ್ಧಾರ" ಎಂದು ಬರುತ್ತದಲ್ಲ, ಅದು ಗುಡಿಯ ಒಡೆದ, ಬಿರಿದ ಭಾಗ ಸರಿಪಡಿಸಲು ಬಿಟ್ಟ ದತ್ತಿಯ ಮಾತು. ಅದರ ಪಕ್ಕದಲ್ಲಿ "ವಿಮಾನ" ಬಂದರೆ ಕೆಲಸ ಇನ್ನೂ ಕೆಡುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಗರ್ಭಗುಡಿಯ ಮೇಲೆ ಎದ್ದು ನಿಂತಿರುವುದೂ ವಿಮಾನವೇ. ಶಿಲ್ಪ ಓದಿದವರಿಗೆ ನಿಮ್ಮ ಫಲಕ ಶಿಖರ ರಿಪೇರಿಯ ಸುದ್ದಿ ಹೇಳುತ್ತದೆ. ಪದ ಬಂದದ್ದು ವಿ ಮತ್ತು ಮಾ ಸೇರಿ. ಮಾ ಅಂದರೆ ಅಳೆ. ಹಾರುವ ಮಾತು ಆ ಧಾತುವಿನಲ್ಲಿ ಇಲ್ಲವೇ ಇಲ್ಲ.

ವಿಜಯಪುರದಿಂದ

ಹಾಗಿದ್ದರೆ ವಿಮಾನವನ್ನೇ ಬಿಡಿ. ಬಾನೋಡ ಅನ್ನಿ. ಬಾನು, ಓಡ. ಓಡ ಅಂದರೆ ದೋಣಿ. ವಿದ್ಯುತ್ ಯಾಕೆ? ಮಿಂಚು ಇದೆ. "ಹಳಗಾಲದ ಮಿಂಚೋಡಗಳು". ಸಂಸ್ಕೃತಕ್ಕೆ ಕನ್ನಡ ಪದ ಜೋಡಿಸುವ ಅರಿಸಮಾಸದ ಕಾಟವೂ ಇಲ್ಲ. ನಿಮ್ಮ ಹುಡುಗರ ಸಾಲಿನಲ್ಲಿ ಕನ್ನಡ ಅಂತ ಉಳಿದಿರುವುದು ತೀರಾ ಕಡಿಮೆ.

ಬೆಳಗಾವಿಯಿಂದ, ಇನ್ನೊಬ್ಬರು

ಮಿಂಚೋಡ ಯಾರಿಗೂ ತಿಳಿಯುವುದಿಲ್ಲ. ನೋಡಲು ಬರುವವರು ಶಾಲೆ ಮಕ್ಕಳು ಮತ್ತು ಅವರ ಅಪ್ಪ ಅಮ್ಮ. ಸುಮ್ನೆ "ಹಳೇ ವಿಮಾನಗಳ ದುರಸ್ತಿ" ಅಂತ ಬರೆಸಿ.

ವಿಜಯಪುರದಿಂದ

ದುರಸ್ತಿ ಮರಾಠಿ. ಬೆಳಗಾವಿಯಲ್ಲಿ ಕನ್ನಡ ಫಲಕ ಬರೆಸುವಾಗ ಬೇರೆ ಪದ ಸಿಗಲಿಲ್ವಾ?

ಬಾಗಲಕೋಟೆಯಿಂದ

ಮರಾಠಿ ಅಲ್ಲ, ಪಾರ್ಸಿ. ದುರುಸ್ತ್ ಅಂದರೆ ಸರಿಯಾದದ್ದು. ಮರಾಠಿಗೂ ಅಲ್ಲಿಂದಲೇ ಬಂದದ್ದು. ನಿಮ್ಮ ಊರಿನಲ್ಲೇ ಆದಿಲ್‌ಶಾಹಿಗಳು 1686ರವರೆಗೆ ಆಳಿದ್ದಾರೆ. ಅರ್ಜಿ, ಜಮೀನು, ರೈತ ಎಲ್ಲವೂ ಆ ದಾರಿಯವೇ. ಇವನ್ನು ಬಿಟ್ಟು ಒಂದು ಹೊಲದ ಕಾಗದ ಬರೆದು ತೋರಿಸಿ.

ವಿಜಯಪುರದಿಂದ

ಬಂದು ಬೇರೂರಿದ ಪದ ಬೇರೆ, ಇವತ್ತು ನಾವೇ ಆರಿಸುವ ಪದ ಬೇರೆ. ಆರಿಸುವಾಗಲೂ ಕೈ ಕನ್ನಡದ ಕಡೆ ಹೋಗದಿದ್ದರೆ ಪದಚರ್ಚೆ ಯಾಕೆ ಬೇಕು?

ಬೆಳಗಾವಿಯಿಂದ

ಸರ್, ಅಕ್ಕಾರೇ, ಸ್ವಲ್ಪ ನಿಲ್ಲಿ. ಪದದ ಊರು ಯಾವುದಾದರೂ ಆಗಲಿ, ಅರ್ಥ ತಪ್ಪಬಾರದು. "ಹಳಗಾಲದ ಮಿಂಚೋಡ" ಅಂದರೆ ಆಗಿನಿಂದಲೇ ಕರೆಂಟಿನಲ್ಲಿ ಹಾರುತ್ತಿದ್ದದ್ದು ಎಂದಾಗುತ್ತದೆ. ಅಂಥದ್ದೂ ಇತ್ತು. 1957ರಲ್ಲಿ ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ರೇಡಿಯೋ ಕ್ವೀನ್ ಎಂಬ ವಿಮಾನವನ್ನು ಬೆಳ್ಳಿ, ಸತುವಿನ ಬ್ಯಾಟರಿಯಿಂದ ಹಾರಿಸಿದ್ದರು. ನಮ್ಮವು ಹಾಗಲ್ಲ. ಇವುಗಳ ಮೋಟರು ಈಗಿನದು.

ದುರಸ್ತಿ ಮೊದಲನೆಯದಕ್ಕೆ ಒಪ್ಪುತ್ತದೆ. ಜೂನಿಯರ್ 60ಕ್ಕೆ ಒಪ್ಪುವುದಿಲ್ಲ. ಅದು ಕೆಟ್ಟೇ ಇರಲಿಲ್ಲ, ದುರಸ್ತಿ ಎಲ್ಲಿಂದ ಬಂತು? "ಮಾದರಿ" ಕೂಡ ತೊಡಕು. ಮಾದರಿ ಶಾಲೆ ಅಂದ ಹಾಗೆ ಮಾದರಿ ವಿಮಾನ ಅಂದರೆ ಉಳಿದವು ನೋಡಿ ಕಲಿಯಬೇಕಾದ ವಿಮಾನ ಅಂತಲೂ ಆಗುತ್ತದೆ. ಮೇಜಿನ ಮೇಲೆ ಕಣ್ಣೆದುರೇ ಇರುವಾಗ ಅದು ಚಿಕ್ಕದು ಎಂದು ಬರೆಯಬೇಕಾಗಿಲ್ಲ. ಎಂಜಿನ್ ಹೋಗಿ ಮೋಟರು ಬಂತು. ಇದಕ್ಕೆ ಪದ ಕೊಡಿ.

ಜಮಖಂಡಿಯಿಂದ

ಇಷ್ಟಕ್ಕೆ ಇಷ್ಟು ಜಗಳ ಯಾಕ್ರೀ? ಈ ಮಾತು ನಮ್ಮ ಹೊಲದಲ್ಲೇ ಇದೆ. ಮೊದಲು ಬಾವಿಯ ಮೇಲೆ ಡೀಸೆಲ್ ಎಂಜಿನ್ ಇರುತ್ತಿತ್ತು. ಕರೆಂಟು ಬಂದ ಮೇಲೆ "ಎಂಜಿನ್ ತೆಗೆದು ಮೋಟರ್ ಕೂಡ್ರಿಸಿದ್ರು" ಅನ್ನುತ್ತಿದ್ದರು. ಬಾವಿ ಅದೇ, ಪೈಪು ಅದೇ, ಎಳೆಯುವ ಶಕ್ತಿ ಮಾತ್ರ ಬೇರೆ. ನಿಮ್ಮ ವಿಮಾನದ ಕಥೆಯೂ ಅದೇ ಅಲ್ವಾ? ಮೋಟರು ಅಂದರೆ ಕರೆಂಟಿನದು, ಎಂಜಿನ್ ಅಂದರೆ ಎಣ್ಣೆಯದು ಎಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ವಿದ್ಯುತ್ ಚಾಲಿತ" ಬರೆದರೆ ಹೇಳಿದ್ದನ್ನೇ ಮತ್ತೆ ಹೇಳಿದ ಹಾಗೆ.

ಬೆಳಗಾವಿಯಿಂದ

ಕೂಡ್ರಿಸು! ನನಗೆ ಬೇಕಾದದ್ದು ಇದೇ. ಈ ಕೆಲಸದಲ್ಲಿ ಜಾಸ್ತಿ ಹೊತ್ತು ತಿನ್ನುವುದು ಕೂಡ್ರಿಸುವುದೇ. ಭಾರವಾದ ಎಂಜಿನ್ ಬಿಚ್ಚಿ ಹಗುರ ಮೋಟರು ಹಾಕಿದರೆ ಮೂತಿ ಮೇಲೇಳುತ್ತದೆ, ಬಾಲ ಇಳಿಯುತ್ತದೆ. ಹಾಗೇ ಬಿಟ್ಟರೆ ವಿಮಾನ ಹತೋಟಿಗೆ ಸಿಗುವುದಿಲ್ಲ. ಅದಕ್ಕೇ ಬ್ಯಾಟರಿಯನ್ನು ಆದಷ್ಟು ಮುಂದೆ, ಹಳೇ ಟ್ಯಾಂಕ್ ಇದ್ದ ಜಾಗಕ್ಕೆ ತಳ್ಳುತ್ತೇವೆ. ನಕ್ಷೆಯಲ್ಲಿ ಗುರುತು ಹಾಕಿದ ಕಡೆ ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತಿದರೆ ವಿಮಾನ ಸಮನಾಗಿ ನಿಲ್ಲಬೇಕು. "ಅಳವಡಿಕೆ" ಅಂದರೆ ಇದ್ಯಾವುದೂ ಕಾಣುವುದಿಲ್ಲ.

ಪೇಂಟರಿಗೆ ಕೊಡುತ್ತಿರುವುದು: "ಹಳೇ ನಕ್ಷೆಯ ವಿಮಾನಗಳು: ಎಂಜಿನ್ ಬದಲು ಮೋಟರು ಕೂಡ್ರಿಸಿದ್ದು".

ವಿಜಯಪುರದಿಂದ

ನಕ್ಷೆ, ಬದಲು ಎರಡೂ ಅರಬ್ಬಿ. ಎಂಜಿನ್, ಮೋಟರು ಇಂಗ್ಲಿಷ್. ವಿಮಾನ ಸಂಸ್ಕೃತ. ನನ್ನ ಒಪ್ಪಿಗೆ ಇಲ್ಲ. ಆದರೆ ಕೂಡ್ರಿಸು ಒಳ್ಳೆಯ ಪದ. ದಯವಿಟ್ಟು ಅದನ್ನು "ಕೂರಿಸಿದ್ದು" ಎಂದು ತಿದ್ದಲು ಯಾರಿಗೂ ಬಿಡಬೇಡಿ.

ಬೆಳಗಾವಿಯಿಂದ

ಬಿಡುವುದಿಲ್ಲ ಸರ್. ಡ-ಗೆ ರ ಒತ್ತು ಇರಲಿ ಎಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕಳಿಸಿದ್ದೇನೆ. ಜಮಖಂಡಿಯವರ "ಎಂಜಿನ್ ತೆಗೆದು" ಹಾಕಲಿಲ್ಲ, ಜೂನಿಯರ್ 60ರಲ್ಲಿ ತೆಗೆಯಲು ಎಂಜಿನ್ ಇರಲೇ ಇಲ್ಲ; "ಎಂಜಿನ್ ಬದಲು" ಹಾಗೇ ಇದೆ. ನಕ್ಷೆ ಉಳಿದಿದೆ.