ಸಹಾಯ ಬೇಕು: ಟೆಸ್ಟ್ ಎಲ್ಲ ಮುಗಿದ ಮೇಲೆ ಬಜರ್ ಬದಲಾಯಿಸಬೇಕಾಗಿದೆ

ನಮಸ್ಕಾರ. ಇನ್ಫ್ಯೂಷನ್ ಪಂಪ್ (ರೋಗಿಗೆ ಅಳತೆ ಪ್ರಕಾರ ಔಷಧಿ ಹರಿಸುವ ಯಂತ್ರ) ಒಂದರ ಕ್ವಾಲಿಟಿ ಕೆಲಸ ನನ್ನ ತಲೆ ಮೇಲಿದೆ. ಡಿಸೈನ್ ಇನ್‌ಪುಟ್‌ನಲ್ಲಿ (ಯಂತ್ರ ಹೇಗಿರಬೇಕು ಅನ್ನೋ ಬೇಡಿಕೆಗಳ ಪಟ್ಟಿ) ಯಾರೋ "ಅಲಾರಂ ಚೆನ್ನಾಗಿ ಕೇಳಿಸಬೇಕು" ಅಂತ ಬರೆದುಬಿಟ್ಟಿದ್ದಾರೆ. ಚೆನ್ನಾಗಿ ಅಂದ್ರೆ ಎಷ್ಟು ಡೆಸಿಬೆಲ್, ಎಷ್ಟು ದೂರದಿಂದ? ಅದಕ್ಕೇ ಪಾಸ್ ಅಂತ ಸಹಿ ಬೇರೆ ಬಿದ್ದಿದೆ! ಈಗ ಆ ಅಲಾರಂ ಹೊಡೆಯುವ ಹಳೇ ಬಜರ್ ಸಿಗುತ್ತಿಲ್ಲ, ಬೇರೆ ಹಾಕಬೇಕು. ಐಎಸ್‌ಒ 13485:2016 (ವೈದ್ಯಕೀಯ ಸಾಧನಗಳ ಗುಣಮಟ್ಟ ನಿರ್ವಹಣೆಯ ಮಾನದಂಡ) ಇದರ 7.3.9ನೇ ಭಾಗದ ಪ್ರಕಾರ ಬದಲಾವಣೆ ಜಾರಿಗೆ ಬರುವ ಮೊದಲೇ ಪರಿಶೀಲನೆ, ವೆರಿಫಿಕೇಶನ್ (ಬರೆದ ಬೇಡಿಕೆಗೆ ತಕ್ಕಂತಿದೆಯಾ ಅನ್ನೋ ಪರೀಕ್ಷೆ), ಒಪ್ಪಿಗೆ ಎಲ್ಲ ಆಗಬೇಕು, ಅದು ಗೊತ್ತು. ಆದರೆ ಶಬ್ದ ಮಾತ್ರ ಮತ್ತೆ ಅಳೆದರೆ ಸಾಕಾ, ಇಲ್ಲ ನರ್ಸ್‌ಗಳ ಕೈಗೆ ಪಂಪ್ ಕೊಟ್ಟು ವ್ಯಾಲಿಡೇಶನ್ನೂ (ಬಳಸುವವರ ಕೈಯಲ್ಲಿ ಸರಿಯಾಗಿ ಕೆಲಸ ಮಾಡುತ್ತಾ ಅನ್ನೋ ಪರೀಕ್ಷೆ) ಮತ್ತೆ ಮಾಡಬೇಕಾ? ಐಎಸ್‌ಒ 14971ರ (ವೈದ್ಯಕೀಯ ಸಾಧನಗಳ ಅಪಾಯ ನಿರ್ವಹಣೆಯ ಮಾನದಂಡ) ರಿಸ್ಕ್ ಫೈಲ್‌ನಲ್ಲಿ ಈ ಅಲಾರಮ್ಮೇ ಒಂದು ರಿಸ್ಕ್ ಕಂಟ್ರೋಲ್ (ಅಪಾಯ ತಗ್ಗಿಸುವ ಕ್ರಮ), ಹಾಗಾಗಿ ಸುಮ್ನೆ ಬಿಡೋಕೆ ಧೈರ್ಯ ಇಲ್ಲ. ಇಂಥದ್ದು ಮಾಡಿದವರು ಟ್ರೇಸಬಿಲಿಟಿ ಮ್ಯಾಟ್ರಿಕ್ಸ್‌ನಲ್ಲಿ (ಯಾವ ಬೇಡಿಕೆಗೆ ಯಾವ ಟೆಸ್ಟ್ ಅಂತ ಜೋಡಿಸುವ ಪಟ್ಟಿ) ಹೇಗೆ ತೋರಿಸಿದಿರಿ, ಸ್ವಲ್ಪ ಹೇಳಿ.